ಮಂಗಳವಾರದ ಪ್ರಾರ್ಥನೆ

ಭಾನುವಾರ ಚರ್ಚಿನಲ್ಲಿ ಸಿಕ್ಕ ಸಂತೋಷ ಮಂಗಳವಾರಕ್ಕೇ ಆರಿಹೋಗುತ್ತದೆ, ನನ್ನ ಪ್ರಾರ್ಥನೆಯೇ ಸರಿಯಿಲ್ಲವೇ ಎಂದು ಕೇಳಿದ್ದೀರಿ. ನನಗೂ ಹಾಗೇ ಆಗುತ್ತಿತ್ತು ಸರ್. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ರೇಟು ಬಿದ್ದ ದಿನ ನನ್ನ ಪ್ರಾರ್ಥನೆ ಬರೀ ಬೇಡಿಕೆ ಪಟ್ಟಿ.

ಬೈಬಲಿನ ಕೀರ್ತನೆಗಳು 13 ಓದಿ ನೋಡಿ. ಆರೇ ವಚನ. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀಯ ಅಂತ ದೇವರನ್ನೇ ಕೇಳಿ ಶುರುವಾಗುತ್ತದೆ, ಹಾಡಿನಲ್ಲಿ ಮುಗಿಯುತ್ತದೆ. ನಡುವೆ ಕಷ್ಟ ತೀರಿತು ಅಂತ ಎಲ್ಲೂ ಇಲ್ಲ! ಯೇಸುವಿನ ಸುವಾರ್ತೆ ಸಾರಿದ ಪೌಲ ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ‘ಸಂತೋಷಿಸಿರಿ’ ಎಂದು ಬರೆದದ್ದೂ ಸೆರೆಯಲ್ಲಿದ್ದಾಗಲೇ ಅಲ್ವಾ?

ಈಗ ಬೆಳಗ್ಗೆ ಲಾರಿ ಬರುವ ಮುಂಚೆ ಖಾಲಿ ಕ್ರೇಟಿನ ಮೇಲೆ ಕೂರುತ್ತೇನೆ. ಮೊದಲು ದೂರು, ಮುಚ್ಚುಮರೆ ಇಲ್ಲದೆ. ಆಮೇಲೆ ಒಂದೇ ಒಂದಕ್ಕೆ ಥ್ಯಾಂಕ್ಸ್. ನಿನ್ನೆ ಅದು ಶುಂಠಿ ಟೀ. ಬಾಯಿಪಾಠದ ಪ್ರಾರ್ಥನೆ ಬಿಡಬೇಕಿಲ್ಲ, ಅದಕ್ಕೆ ಮುಂಚೆ ಐದು ನಿಮಿಷ ಸಾಕು.