ಕೋಪಸ್, ಹಾಕಿನ್ಸ್, ಜೀನ್ ಶೆಪರ್ಡ್: ಎಲ್ಲಿಂದ ಕೇಳಲು ಶುರು ಮಾಡಬೇಕು?

ಅಮೆರಿಕದ ಕಂಟ್ರಿ ಸಂಗೀತದ ಗಾಯಕಿ ಪ್ಯಾಟ್ಸಿ ಕ್ಲೈನ್ ತೀರಿಕೊಂಡ ವಿಮಾನದಲ್ಲಿ ಇನ್ನೂ ಇಬ್ಬರು ಗಾಯಕರಿದ್ದರಂತೆ, ಅವರು ಯಾರು, ಅವರದ್ದು ಏನು ಕೇಳಬೇಕು, ಹಳೆ ಪ್ಲೇಟು ಸಿಕ್ಕರೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅವರು ಕೌಬಾಯ್ ಕೋಪಸ್ ಮತ್ತು ಹಾಕ್‌ಶಾ ಹಾಕಿನ್ಸ್. ಕನ್ಸಾಸ್ ಸಿಟಿಯಲ್ಲಿ ಒಬ್ಬ ರೇಡಿಯೋ ನಿರೂಪಕರ ಕುಟುಂಬಕ್ಕೆ ನೆರವಾಗಲೆಂದು ಹಾಡಿ, ನ್ಯಾಶ್‌ವಿಲ್‌ಗೆ ವಾಪಸ್ ಬರುತ್ತಿದ್ದರು. 1963ರ ಮಾರ್ಚ್ 5ರಂದು ಟೆನೆಸ್ಸಿಯ ಕ್ಯಾಮ್ಡೆನ್ ಹತ್ತಿರ, ಕೆಟ್ಟ ಹವೆಯಲ್ಲಿ, ವಿಮಾನ ಬಿತ್ತು. ಅದನ್ನು ಓಡಿಸುತ್ತಿದ್ದವರು ಪ್ಯಾಟ್ಸಿಯ ಮ್ಯಾನೇಜರ್, ಕೋಪಸ್ ಅವರ ಅಳಿಯ. ಎಲ್ಲ ಕಡೆ ಇವರಿಬ್ಬರ ಹೆಸರು ಈ ಅಪಘಾತದ ಜೊತೆ ಬಂದು ಅಲ್ಲಿಗೇ ಮುಗಿಯುತ್ತದೆ. ನನಗೆ ಅದು ನಿಜಕ್ಕೂ ಬೇಜಾರು. ಇಬ್ಬರೂ ಹದಿನೈದು ವರ್ಷಕ್ಕಿಂತ ಜಾಸ್ತಿ ರೆಕಾರ್ಡ್ ಮಾಡಿದವರು.

ಕೋಪಸ್ ಓಹಾಯೋದಲ್ಲಿ 1913ರಲ್ಲಿ ಹುಟ್ಟಿದವರು. ಕೌಬಾಯ್ ಹೆಸರಿಗೆ ಹೊಂದಲಿ ಅಂತ ಊರು ಒಕ್ಲಹೋಮ ಎನ್ನುತ್ತಿದ್ದರು. ಪೀ ವೀ ಕಿಂಗ್ ಅವರ ಸಂಗೀತ ತಂಡದಿಂದ ಗಾಯಕ ಎಡ್ಡಿ ಆರ್ನಲ್ಡ್ ಹೊರಟಾಗ ಆ ಜಾಗಕ್ಕೆ ಬಂದರು. ಸಿನ್ಸಿನಾಟಿಯ ಕಿಂಗ್ ಎಂಬ ರೆಕಾರ್ಡ್ ಕಂಪನಿಗೆ 1946ರಿಂದ ಸಾಲುಸಾಲು ಹಿಟ್ ಕೊಟ್ಟರು. ಆಮೇಲೆ ಐವತ್ತರ ದಶಕದಲ್ಲಿ ಎಲ್ಲ ನಿಂತುಹೋಯಿತು. ರಾಕ್ ಅಂಡ್ ರೋಲ್ ಬಂದು ಇಂಥ ಎಷ್ಟೋ ಜನರನ್ನು ಬದಿಗೆ ತಳ್ಳಿತ್ತು. ಆದರೆ 1960ರಲ್ಲಿ, 47ನೇ ವಯಸ್ಸಿಗೆ, ಸ್ಟಾರ್‌ಡೇ ಕಂಪನಿಗೆ ಹಾಡಿದ ‘ಆಲಬಾಮ್’ ಕಂಟ್ರಿ ಚಾರ್ಟಿನಲ್ಲಿ, ಅಂದರೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, 12 ವಾರ ಒಂದನೇ ಸ್ಥಾನದಲ್ಲಿತ್ತು. ನೀವು ಶುರು ಮಾಡಬೇಕಾದದ್ದು ಅಲ್ಲಿಂದಲೇ. ಹಿಂದೆ ದೊಡ್ಡ ವಾದ್ಯಗೋಷ್ಠಿ ಏನಿಲ್ಲ. ಅವರೇ ನುಡಿಸುವ ಗಿಟಾರ್ ಎಷ್ಟು ಚುರುಕಾಗಿದೆ ಗಮನಿಸಿ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ.

ಹಾಕಿನ್ಸ್ ವೆಸ್ಟ್ ವರ್ಜೀನಿಯಾದವರು, ಆರೂವರೆ ಅಡಿಗೆ ಹತ್ತಿರದ ಆಳು. ಹುಡುಗನಾಗಿದ್ದಾಗ ಬೋನಿಟ್ಟು ಹಿಡಿದ ಮೊಲಗಳನ್ನು ಕೊಟ್ಟು ಮೊದಲ ಗಿಟಾರ್ ಪಡೆದವರು. ಕಿಂಗ್, ಆರ್‌ಸಿಎ, ಕೊಲಂಬಿಯಾ, ಹೀಗೆ ಕಂಪನಿ ಬದಲಾಯಿಸುತ್ತಾ ಹೋದರು. ಒಂದನೇ ಸ್ಥಾನ ಮಾತ್ರ ಸಿಗಲಿಲ್ಲ. ಮತ್ತೆ ಕಿಂಗ್‌ಗೆ ಬಂದು ‘ಲೋನ್‌ಸಮ್ 7-7203’ ಹಾಡಿದರು. ಹಾಡಿನಲ್ಲಿ, ಬಿಟ್ಟುಹೋದವಳನ್ನು ಕೇಳಿಕೊಂಡು ಬರುವ ಫೋನ್ ಸಹಿಸಲಾಗದೆ ಒಬ್ಬ ನಂಬರನ್ನೇ ಬದಲಾಯಿಸುತ್ತಾನೆ. ಹೊಸ ನಂಬರ್ ಅವಳಿಗೆ ಹೇಳುತ್ತಾನೆ, ವಾಪಸ್ ಬರುವ ಮನಸ್ಸಾದರೆ ಫೋನ್ ಮಾಡು ಅಂತ. ಆಗ ಅಮೆರಿಕದ ಫೋನ್ ನಂಬರುಗಳಲ್ಲಿ ಮೊದಲು ಎಕ್ಸ್‌ಚೇಂಜಿನ ಹೆಸರು, ಆಮೇಲೆ ಅಂಕಿ. ಇಲ್ಲಿ ಎಕ್ಸ್‌ಚೇಂಜಿನ ಹೆಸರೇ ಲೋನ್‌ಸಮ್, ಅಂದರೆ ಒಂಟಿತನ! ಹಾಕಿನ್ಸ್ ಅದನ್ನು ಅತ್ತು ಹಾಡುವುದಿಲ್ಲ, ತಗ್ಗಿದ ದನಿಯಲ್ಲಿ ಸಮಾಧಾನವಾಗಿ ಹೇಳುತ್ತಾರೆ. ಹಾಡು ಚಾರ್ಟಿಗೆ ಬಂದದ್ದು ಅವರು ಸಾಯುವ ಮೂರು ದಿನ ಮುಂಚೆ. ಮೇ ತಿಂಗಳಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ನೀವು ಕೇಳದಿದ್ದರೂ ಹಾಕಿನ್ಸ್ ಅವರ ಹೆಂಡತಿ, ಗಾಯಕಿ ಜೀನ್ ಶೆಪರ್ಡ್ ಬಗ್ಗೆ ಹೇಳಲೇಬೇಕು. ಮೂವರಲ್ಲಿ ನನಗೆ ಅವರೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಹುಡುಗಿಯರದ್ದೇ ಒಂದು ತಂಡ ಕಟ್ಟಿ ಬೇಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ನುಡಿಸುತ್ತಿದ್ದರು. 1953ರಲ್ಲಿ ಫರ್ಲಿನ್ ಹಸ್ಕಿ ಜೊತೆ ಹಾಡಿದ ‘ಎ ಡಿಯರ್ ಜಾನ್ ಲೆಟರ್’ ಒಂದನೇ ಸ್ಥಾನಕ್ಕೆ ಹೋದಾಗ ಅವರಿಗೆ ಇನ್ನೂ 21 ತುಂಬಿರಲಿಲ್ಲ. ಹಾಗಾಗಿ ಬೇರೆ ರಾಜ್ಯಗಳಿಗೆ ಹೋಗಿ ಹಾಡಲೆಂದು ಹಸ್ಕಿಯನ್ನೇ ಕಾನೂನಿನ ಪ್ರಕಾರ ಗಾರ್ಡಿಯನ್ ಮಾಡಬೇಕಾಯಿತು. ಅಪಘಾತವಾದಾಗ ಜೀನ್ ಎಂಟು ತಿಂಗಳ ಬಸುರಿ, ಕೈಯಲ್ಲಿ ಇನ್ನೊಂದು ಪುಟ್ಟ ಮಗು. ಆದರೂ ಮರಳಿ ಹಾಡಿದರು. 1964ರಲ್ಲಿ ‘ಸೆಕೆಂಡ್ ಫಿಡಲ್’ ದೊಡ್ಡ ಹಿಟ್ ಆಯಿತು. ಗಂಡನಿಗೆ ಗಿಟಾರೇ ಹೆಚ್ಚು, ನಾನು ಆಮೇಲೆ ಅಂತ ದೂರುವ ಹಾಡು, ದನಿಯಲ್ಲಿ ಎಂಥ ಖದರು! 1955ರಲ್ಲಿ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ಸೇರಿದವರು ಅಲ್ಲಿ 60 ವರ್ಷ ಪೂರೈಸಿದರು.

ಇನ್ನು ಕೇಳುವ ವಿಷಯ. ಆನ್‌ಲೈನ್‌ನಲ್ಲಿ ಹೆಸರು ನೋಡಿ ಸುಮ್ನೆ ಒತ್ತಬೇಡಿ. ಕೋಪಸ್ ತಮ್ಮ ಹಳೆ ಹಾಡುಗಳನ್ನು ಸ್ಟಾರ್‌ಡೇಗೆ ಮತ್ತೆ ಹಾಡಿದ್ದಾರೆ. ‘ಸೈನ್ಡ್, ಸೀಲ್ಡ್ ಅಂಡ್ ಡೆಲಿವರ್ಡ್’ 1948ರದ್ದೂ ಇದೆ, 1961ರದ್ದೂ ಇದೆ. ಎರಡೂ ಹಿಟ್ಟೇ, ಆದರೆ ಬೇರೆ ಬೇರೆ ರೆಕಾರ್ಡಿಂಗ್. ಕಂಪನಿ, ವರ್ಷ ನೋಡಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಪ್ಲೇಟು ತಗೊಳ್ಳುವುದಾದರೆ 45 ಸ್ಪೀಡಿನದ್ದೇ (ನಿಮಿಷಕ್ಕೆ 45 ಸುತ್ತು ತಿರುಗುವಂಥದ್ದು) ವಾಸಿ, ದಾರಿಯಲ್ಲಿ ಒಡೆಯುವ ಭಯ ಕಡಿಮೆ. 78ರದ್ದು ಶೆಲಾಕ್ (ಅರಗು), ಬಿದ್ದರೆ ಚೂರಾಗುತ್ತದೆ. ಅದರ ಗೆರೆ ಅಗಲ, ಹಾಗಾಗಿ ಎಲ್‌ಪಿ ಸ್ಟೈಲಸ್ (ಪ್ಲೇಯರಿನ ಮುಳ್ಳು) ಸಾಲದು, 78ಕ್ಕೆಂದೇ ಸಿಗುವ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಭಾಗ) ಸ್ಟೈಲಸ್ ಹಾಕಿ. ಶೆಲಾಕ್ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಮೇಲ್ಮೈ ಕರಗುತ್ತದೆ. ಮತ್ತೆ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇದ್ದರೆ ಅದರ ಮೇಲೆ 45 ಇಡಲೇಬೇಡಿ. ಆ ಭಾರಕ್ಕೆ, ಆ ಉಕ್ಕಿನ ಮುಳ್ಳಿಗೆ ವಿನೈಲ್ ಒಂದೇ ಸಲಕ್ಕೆ ಹಾಳಾಗುತ್ತದೆ.