ಓದುಗರ ಪ್ರಶ್ನೆ, ಆಟದ ಉತ್ತರ: ಶನಿವಾರ ಲಿಮರಿಕ್‌ನಲ್ಲಿ ಮನ್‌ಸ್ಟರ್ ಗೆಲ್ಲುತ್ತಾ?

ಈ ಶನಿವಾರ, ಅಂದರೆ 2024ರ ನವೆಂಬರ್ 2ರಂದು, ಐರ್ಲೆಂಡ್‌ನ ಲಿಮರಿಕ್‌ನಲ್ಲಿ ಮನ್‌ಸ್ಟರ್ ರಗ್ಬಿ ತಂಡ ನ್ಯೂಜಿಲೆಂಡ್‌ನಿಂದ ಪ್ರವಾಸಕ್ಕೆ ಬಂದಿರುವ ಆಲ್ ಬ್ಲ್ಯಾಕ್ಸ್ ಫಿಫ್ಟೀನ್ ವಿರುದ್ಧ ಆಡುತ್ತಿದೆ. ಆಲ್ ಬ್ಲ್ಯಾಕ್ಸ್ ಅಂದರೆ ಕಪ್ಪು ಜೆರ್ಸಿ ತೊಡುವ ನ್ಯೂಜಿಲೆಂಡ್ ರಾಷ್ಟ್ರೀಯ ತಂಡ, ಆಲ್ ಬ್ಲ್ಯಾಕ್ಸ್ ಫಿಫ್ಟೀನ್ ಅದರ ಎರಡನೇ ತಂಡ. ಹದಿನೈದು ಜನರ ತಂಡ ಆಡುವ ರಗ್ಬಿ ಯೂನಿಯನ್ ಇದು. ಐರ್ಲೆಂಡ್‌ನಲ್ಲಿ ಕೆಲಸ ಮಾಡುವ ಕನ್ನಡಿಗರಿಂದಲೂ ಇಲ್ಲಿ ಮೊಬೈಲ್‌ನಲ್ಲಿ ಪಂದ್ಯ ನೋಡುವವರಿಂದಲೂ ಈ ಸಲ ಸಾಕಷ್ಟು ಪ್ರಶ್ನೆ ಬಂದಿವೆ. ಹಾಗಾಗಿ ಈ ವಾರದ ಅಂಕಣ ಪೂರ್ತಿ ಈ ಪಂದ್ಯಕ್ಕೇ.

ಪ್ರಶ್ನೆ: ಸಾರ್, ಬರುತ್ತಿರುವುದು ನಿಜವಾದ ಆಲ್ ಬ್ಲ್ಯಾಕ್ಸ್ ಅಲ್ಲ, ಅವರ ಎರಡನೇ ತಂಡ. ಮನ್‌ಸ್ಟರ್ ಕಡೆಯೂ ದೊಡ್ಡ ಹೆಸರಿನವರು ಯಾರೂ ಇಲ್ಲವಂತೆ. ಹಾಗಿದ್ದ ಮೇಲೆ ಇಷ್ಟೊಂದು ಸಂಭ್ರಮ ಯಾಕೆ? — ಬಸವನಗುಡಿಯ ಓದುಗರು

ನೀವು ಹೇಳಿದ ಎರಡೂ ವಿಷಯ ನಿಜ. ಅಸಲಿ ಆಲ್ ಬ್ಲ್ಯಾಕ್ಸ್ ಅದೇ ಶನಿವಾರ ಲಂಡನ್ನಿನ ಟ್ವಿಕನಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತದೆ. ಇತ್ತ ಮನ್‌ಸ್ಟರ್‌ನ ನಾಯಕ ಟೈಗ್ ಬರ್ನ್, ಜ್ಯಾಕ್ ಕ್ರೌಲಿ, ಕ್ರೇಗ್ ಕೇಸಿ, ಕಾನರ್ ಮರೆ, ಪೀಟರ್ ಒಮಾಹನಿ ಎಲ್ಲರೂ ಐರ್ಲೆಂಡ್ ತಂಡದ ಜೊತೆ ಇದ್ದಾರೆ, ಯಾಕೆಂದರೆ ಮುಂದಿನ ಶುಕ್ರವಾರವೇ ಡಬ್ಲಿನ್‌ನಲ್ಲಿ ಐರ್ಲೆಂಡ್‌ಗೂ ನ್ಯೂಜಿಲೆಂಡ್‌ಗೂ ಟೆಸ್ಟ್ ಪಂದ್ಯ ಇದೆ (ರಗ್ಬಿಯಲ್ಲಿ ಟೆಸ್ಟ್ ಅಂದರೆ ಎರಡು ದೇಶಗಳ ನಡುವಿನ ಪಂದ್ಯ).

ಆದರೆ ನನಗೆ ಈ ಪಂದ್ಯ ಇಷ್ಟವಾಗುವುದೇ ಆ ಕಾರಣಕ್ಕೆ. ನಮ್ಮ ರಣಜಿ ತಂಡದಿಂದ ನಾಲ್ಕೈದು ಜನ ಭಾರತ ತಂಡಕ್ಕೆ ಹೋದಾಗ, ಅದುವರೆಗೆ ನೀರು ಹೊತ್ತುಕೊಂಡು ಓಡಾಡುತ್ತಿದ್ದ ಹುಡುಗ ಒಳಗೆ ಬಂದು ನೂರು ಹೊಡೆಯುತ್ತಾನೆ ನೋಡಿ, ಹಾಗೆ. ಟೆಸ್ಟ್ ಆಟಗಾರನಿಗೆ ಇಂಥ ಸಂಜೆಗಳು ಬೇಕಾದಷ್ಟು ಸಿಗುತ್ತವೆ. ಅಕಾಡೆಮಿಯಿಂದ ಬಂದ ಇಪ್ಪತ್ತರ ಹುಡುಗನಿಗೆ ಕಪ್ಪು ಜೆರ್ಸಿಯವರನ್ನು ತನ್ನೂರಲ್ಲೇ ಎದುರಿಸುವ ಅವಕಾಶ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು.

ಇನ್ನು ಎದುರಾಳಿಯನ್ನು ಎರಡನೇ ತಂಡ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಎಲ್ಲರೂ ಆ ಭಾಗದ ದೊಡ್ಡ ಲೀಗ್ ಆದ ಸೂಪರ್ ರಗ್ಬಿ ಆಡಿ ಪಳಗಿದವರು. ತರಬೇತುದಾರ ಕ್ಲೇಟನ್ ಮೆಕ್‌ಮಿಲನ್, ಅಲ್ಲಿನ ಚೀಫ್ಸ್ ತಂಡವನ್ನು ನಡೆಸುವವರು. 2022ರಲ್ಲಿ ಇದೇ ಹೆಸರಿನ ತಂಡ ಡಬ್ಲಿನ್‌ಗೆ ಬಂದು ಐರ್ಲೆಂಡ್ 'ಎ' ತಂಡವನ್ನು 47-19ರಿಂದ ಸೋಲಿಸಿ ಹೋಗಿತ್ತು. ಎಲ್ಲರ ಕಣ್ಣೂ ಅಸಲಿ ಆಲ್ ಬ್ಲ್ಯಾಕ್ಸ್ ಜೆರ್ಸಿಯ ಮೇಲಿದೆ. ಹಾಗಿರುವಾಗ ಯಾರೂ ಸುಮ್ನೆ ಬಂದು ಆಡಿ ಹೋಗುವುದಿಲ್ಲ.

ಪ್ರಶ್ನೆ: ಮನ್‌ಸ್ಟರ್ ಅಂದ ಕೂಡಲೇ ಎಲ್ಲರೂ 1978 ಅನ್ನುತ್ತಾರೆ. ಅವತ್ತು ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳ್ತೀರಾ? — ಹುಬ್ಬಳ್ಳಿಯಿಂದ ಒಬ್ಬ ಕಾಲೇಜು ವಿದ್ಯಾರ್ಥಿ

ಹೇಳದೆ ಇರುತ್ತೀನಾ! ಮೊದಲು ಮನ್‌ಸ್ಟರ್ ಯಾವುದು ಅಂತ ಹೇಳಿಬಿಡುತ್ತೇನೆ. ಅದು ಐರ್ಲೆಂಡ್‌ನ ನಾಲ್ಕು ಪ್ರಾಂತ್ಯಗಳಲ್ಲಿ ಒಂದು. ಕಾರ್ಕ್, ಕೆರಿ, ಲಿಮರಿಕ್, ಟಿಪರೆರಿ, ಕ್ಲೇರ್, ವಾಟರ್‌ಫರ್ಡ್ ಎಂಬ ಆರು ಕೌಂಟಿಗಳು ಸೇರಿ ಒಂದು ತಂಡ. ಇವತ್ತು ಲೀಗ್ ಆಡುವ ವೃತ್ತಿಪರ ಕ್ಲಬ್ ಥರ ನಡೆಯುತ್ತದೆ. ಆಗ ಹಾಗಿರಲಿಲ್ಲ. ಬೇರೆ ಕೆಲಸ ಮಾಡಿಕೊಂಡು, ಸಂಜೆ ಅಭ್ಯಾಸಕ್ಕೆ ಬರುತ್ತಿದ್ದ ಹವ್ಯಾಸಿಗಳು.

1978ರ ಅಕ್ಟೋಬರ್ 31, ಮಂಗಳವಾರ. ಲಿಮರಿಕ್‌ನ ಥೋಮಂಡ್ ಪಾರ್ಕ್ ಮೈದಾನದಲ್ಲಿ ಸುಮಾರು 12,000 ಜನ. ಎದುರಿಗೆ ಗ್ರಹಾಂ ಮೌರಿ ನಾಯಕತ್ವದ ಪೂರ್ಣ ಆಲ್ ಬ್ಲ್ಯಾಕ್ಸ್. ಆ ಪ್ರವಾಸದಲ್ಲಿ ಅವರು ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ನಾಲ್ಕನ್ನೂ ಸೋಲಿಸಿದರು. 18 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು, ಅದು ಇಲ್ಲಿ.

ಮೊದಲ ಕೆಲವು ನಿಮಿಷಗಳಲ್ಲೇ ಷೇಮಸ್ ಡೆನಿಸನ್, ರಭಸವಾಗಿ ನುಗ್ಗಿ ಬರುತ್ತಿದ್ದ ಸ್ಟೂ ವಿಲ್ಸನ್‌ನನ್ನು ಟ್ಯಾಕಲ್ ಮಾಡಿ ಕೆಡವಿದ. ಅವತ್ತು ಆಡಿದವರು ಇವತ್ತಿಗೂ ಮೊದಲು ನೆನೆಸಿಕೊಳ್ಳುವುದು ಆ ಟ್ಯಾಕಲ್‌ನ್ನೇ. ಆಮೇಲೆ ಟೋನಿ ವಾರ್ಡ್ ಒದ್ದ ಚೆಂಡು ಜಿಮ್ಮಿ ಬೋವೆನ್ ಕೈಗೆ ಸಿಕ್ಕಿತು. ಅವನು ಓಡಿ, ಇನ್ನೇನು ಸಿಕ್ಕಿಬಿದ್ದ ಅನ್ನುವಾಗ ಕ್ರಿಸ್ಟಿ ಕ್ಯಾಂಟಿಲನ್‌ಗೆ ಪಾಸ್ ಕೊಟ್ಟ. ಕ್ಯಾಂಟಿಲನ್ ಟ್ರೈ ಹೊಡೆದ, ಅಂದರೆ ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದ. ಆಗ ಟ್ರೈಗೆ 4 ಅಂಕ, ಈಗ 5. ವಾರ್ಡ್ ಕನ್ವರ್ಷನ್ (ಟ್ರೈ ಆದ ಮೇಲೆ ಗೋಲು ಕಂಬಗಳ ನಡುವೆ ಒದೆಯುವುದು) ಒದ್ದ, ಜೊತೆಗೆ ಎರಡು ಡ್ರಾಪ್ ಗೋಲ್ (ಆಟದ ನಡುವೆಯೇ ಚೆಂಡನ್ನು ಕೈಯಿಂದ ಕೆಳಕ್ಕೆ ಬಿಟ್ಟು, ಪುಟಿದೊಡನೆ ಕಂಬಗಳ ನಡುವೆ ಒದೆಯುವುದು) ಹೊಡೆದ. 12-0. ಆಲ್ ಬ್ಲ್ಯಾಕ್ಸ್‌ಗೆ ಒಂದು ಅಂಕವೂ ಬರಲಿಲ್ಲ!

ಆ ಗೆಲುವಿಗೆ ಒಂದು ನೋವೂ ಅಂಟಿಕೊಂಡಿದೆ. ನಾಯಕ ಡೋನಲ್ ಕ್ಯಾನಿಫ್ ಅವರ ತಂದೆ ಕಾರ್ಕ್‌ನಲ್ಲಿ ರೇಡಿಯೋದಲ್ಲಿ ಪಂದ್ಯದ ವಿವರಣೆ ಕೇಳುತ್ತಿದ್ದಾಗಲೇ ಕುಸಿದು ತೀರಿಕೊಂಡರು. ಪಂದ್ಯ ಮುಗಿದ ಮೇಲೆ ಮಗನಿಗೆ ಸುದ್ದಿ ಮುಟ್ಟಿತು. ಊರೆಲ್ಲ ಕುಣಿಯುತ್ತಿರುವಾಗ ಅವರು ಮನೆ ಕಡೆ ಹೊರಡಬೇಕಾಯಿತು.

ತರಬೇತುದಾರ ಟಾಮ್ ಕೀರ್ನನ್ ಬಗ್ಗೆ ಒಂದು ಮಾತು. 1967ರಲ್ಲಿ ಮನ್‌ಸ್ಟರ್ ಆಸ್ಟ್ರೇಲಿಯಾವನ್ನು 11-8ರಿಂದ ಸೋಲಿಸಿದಾಗ ನಾಯಕ ಆಗಿದ್ದವರೂ ಅವರೇ. 1978ರ ಪಂದ್ಯಕ್ಕೆ ಕೆಲವೇ ವಾರ ಮೊದಲು ತಂಡವನ್ನು ಲಂಡನ್‌ಗೆ ಕರೆದುಕೊಂಡು ಹೋದರು, ಅಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿ ತಂಡದ ಕೈಯಲ್ಲಿ ಚೆನ್ನಾಗಿ ಏಟು ತಿಂದು ಬಂದರು. ಇದನ್ನು ಸ್ವಲ್ಪ ನೆನಪಿಟ್ಟುಕೊಂಡು ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಅಣ್ಣಾ, ನಾನು ಕಾರ್ಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಮನ್‌ಸ್ಟರ್ ಅಂದರೆ ಪ್ರಾಣ. ಡಬ್ಲಿನ್‌ನಲ್ಲಿ ಪಕ್ಕದ ಪ್ರಾಂತ್ಯದ ಲೆನ್‌ಸ್ಟರ್ ತಂಡದ ವಿರುದ್ಧ ಸೋತೆವು, ದಕ್ಷಿಣ ಆಫ್ರಿಕಾಕ್ಕೆ ಹೋಗಿ ಎರಡೂ ಸೋತೆವು, ಈ ಮಂಗಳವಾರ ಕೋಚ್ ಗ್ರಹಾಂ ರೌಂಟ್ರಿನೂ ಹೊರಟುಹೋದರು. ಏನಾದರೂ ಭರವಸೆ ಇದೆಯಾ? — ಕಾರ್ಕ್‌ನಿಂದ ದಾವಣಗೆರೆ ಹುಡುಗ

ತಮ್ಮಾ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಕೋಚ್ ಹೋಗುವುದು ಯಾವ ತಂಡಕ್ಕೂ ಒಳ್ಳೆಯದಲ್ಲ. ಅದೂ 2023ರಲ್ಲಿ ಕೇಪ್ ಟೌನ್‌ನಲ್ಲಿ ಸ್ಟಾರ್ಮರ್ಸ್ ತಂಡವನ್ನು 19-14ರಿಂದ ಸೋಲಿಸಿ ಲೀಗ್ ಪ್ರಶಸ್ತಿ ತಂದುಕೊಟ್ಟವರು. ಸದ್ಯಕ್ಕೆ ಇಯನ್ ಕಾಸ್ಟೆಲೋ ಜವಾಬ್ದಾರಿ ಹೊತ್ತಿದ್ದಾರೆ. ಅವರು ಅಕಾಡೆಮಿ ಹುಡುಗರನ್ನು ಹತ್ತಿರದಿಂದ ಬಲ್ಲವರು. ಶನಿವಾರ ಆಡುವವರಲ್ಲಿ ಬಹಳಷ್ಟು ಜನ ಆ ಹುಡುಗರೇ ಆಗಿರುವುದರಿಂದ ಅದು ದೊಡ್ಡ ಅನುಕೂಲ.

2022ನ್ನು ನೆನಪು ಮಾಡಿಕೊಳ್ಳಿ. ಆ ವರ್ಷವೂ ಲೀಗ್‌ನ ಶುರುವಿನಲ್ಲಿ ಸೋಲಿನ ಮೇಲೆ ಸೋಲು. ಆಗಲೂ ಹಿರಿಯರು ಐರ್ಲೆಂಡ್ ತಂಡದಲ್ಲಿದ್ದರು. ನವೆಂಬರ್ 10ರಂದು ನಿಮ್ಮ ಕಾರ್ಕ್‌ನ ಪಾರ್ಕ್ ಈ ಕ್ವೀವ್‌ನಲ್ಲಿ 41,400 ಜನರ ಮುಂದೆ ಹುಡುಗರೇ ದಕ್ಷಿಣ ಆಫ್ರಿಕಾ 'ಎ' ತಂಡವನ್ನು 28-14ರಿಂದ ಹೊಡೆದರು. ಆ ಋತು ಮುಗಿದದ್ದು ಪ್ರಶಸ್ತಿಯಲ್ಲಿ. ಈ ವರ್ಷ ಫೆಬ್ರವರಿಯಲ್ಲಿ ಅದೇ ಮೈದಾನದಲ್ಲಿ ನ್ಯೂಜಿಲೆಂಡ್‌ನ ಕ್ರುಸೇಡರ್ಸ್ ವಿರುದ್ಧ 21-19ರಿಂದ ಗೆದ್ದದ್ದನ್ನೂ ಮರೆಯಬೇಡಿ. ಪ್ರವಾಸಿ ತಂಡ ಬಂದಾಗ ಮನ್‌ಸ್ಟರ್ ಅಂಕಪಟ್ಟಿ ನೋಡಿಕೊಂಡು ಆಡುವುದಿಲ್ಲ.

ಆದರೂ ಕೇಳಿದ್ದೀರಿ ಅಂತ ನೇರವಾಗಿ ಹೇಳುತ್ತೇನೆ: ಕೊನೆಯ ಇಪ್ಪತ್ತು ನಿಮಿಷದಲ್ಲಿ ಬೆಂಚಿನ ಬಲ ನ್ಯೂಜಿಲೆಂಡ್‌ನವರದ್ದೇ ಜಾಸ್ತಿ. ಅವರು ಹತ್ತು ಅಂಕದ ಆಸುಪಾಸಿನಲ್ಲಿ ಗೆಲ್ಲುತ್ತಾರೆ ಅಂತ ನನ್ನ ಲೆಕ್ಕ. ಮಳೆ ಗಾಳಿ ಬಂದರೆ ಲೆಕ್ಕ ಬದಲಾಗುತ್ತದೆ. 2010ರಲ್ಲಿ ಆಸ್ಟ್ರೇಲಿಯಾ ಬಂದಾಗ ಅಂಥದ್ದೇ ಕೆಟ್ಟ ಹವಾ ಇತ್ತು, ಮನ್‌ಸ್ಟರ್ 15-6ರಿಂದ ಗೆದ್ದಿತು. ಲೆಕ್ಕ ತಪ್ಪಿದರೆ ಎಲ್ಲರಿಗಿಂತ ಹೆಚ್ಚು ಖುಷಿಪಡುವವನು ನಾನೇ.

ಪ್ರಶ್ನೆ: ಲಿಮರಿಕ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವವರು ಟಿಕೆಟ್ ತೆಗೆದುಕೊಟ್ಟಿದ್ದಾರೆ. ಆಟ ಅಷ್ಟಾಗಿ ಗೊತ್ತಿಲ್ಲ. ಏನು ನೋಡಬೇಕು? — ಹಾಸನದವಳು

ಅಕ್ಕಾ, ಅಂಕದ ವಿಷಯ ಸುಲಭ. ಟ್ರೈಗೆ 5, ಆಮೇಲಿನ ಕನ್ವರ್ಷನ್‌ಗೆ 2, ಪೆನಾಲ್ಟಿ ಮತ್ತು ಡ್ರಾಪ್ ಗೋಲ್‌ಗೆ ತಲಾ 3. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ಇಷ್ಟು ಸಾಕು.

ನೋಡಬೇಕಾದ್ದು ಒಂದೇ ಅಂದರೆ, ಟ್ಯಾಕಲ್ ಆದ ಮೇಲಿನ ಎರಡು ಮೂರು ಸೆಕೆಂಡು. ಎಲ್ಲರ ಕಣ್ಣು ಚೆಂಡು ಹಿಡಿದು ಓಡುವವನ ಮೇಲಿರುತ್ತದೆ, ನೀವು ಅವನು ಬಿದ್ದ ಜಾಗ ನೋಡಿ. ಬಿದ್ದವನು ಚೆಂಡು ಬಿಡಬೇಕು. ಕೆಡವಿದವನು ಉರುಳಿ ಪಕ್ಕಕ್ಕೆ ಸರಿಯಬೇಕು. ಅಷ್ಟರಲ್ಲಿ ಎದುರಾಳಿ ಒಬ್ಬ ಓಡಿಬಂದು, ತನ್ನ ಕಾಲ ಮೇಲೆ ನಿಂತುಕೊಂಡೇ ಬಗ್ಗಿ, ಚೆಂಡಿಗೆ ಎರಡೂ ಕೈ ಹಾಕುತ್ತಾನೆ. ಬಿದ್ದವನ ಜೊತೆಗಾರರು ಅವನನ್ನು ಹಿಂದಕ್ಕೆ ತಳ್ಳಲು ನೋಡುತ್ತಾರೆ. ತಳ್ಳಲು ಆಗಲಿಲ್ಲ, ಬಿದ್ದವನು ಚೆಂಡು ಬಿಡಲೂ ಇಲ್ಲ ಅಂದರೆ ರೆಫರಿ ಸೀಟಿ ಊದಿ ಪೆನಾಲ್ಟಿ ಕೊಡುತ್ತಾನೆ. ಪಂದ್ಯ ತಿರುಗುವುದು ಇಲ್ಲೇ. ನ್ಯೂಜಿಲೆಂಡ್‌ನವರಿಗೆ ಆ ಜಾಗದಲ್ಲಿ ಚೆಂಡು ಕಸಿಯಲು ಬಿಟ್ಟರೆ ಮುಗಿಯಿತು, ಎದುರಾಳಿ ಚದುರಿ ನಿಂತಿರುವಾಗಲೇ ಮೂರು ಪಾಸ್‌ನಲ್ಲಿ ಆ ತುದಿ ಮುಟ್ಟಿಬಿಡುತ್ತಾರೆ. ಹಾಗಾಗಿ ಮನ್‌ಸ್ಟರ್ ಆಟವನ್ನು ನಿಧಾನ ಮಾಡಬೇಕು. ಲೈನ್‌ಔಟ್‌ನಿಂದ (ಪಕ್ಕದ ಗೆರೆಯಾಚೆ ಹೋದ ಚೆಂಡನ್ನು ಎರಡು ಸಾಲುಗಳ ನಡುವೆ ಎಸೆಯುವುದು) ಗುಂಪು ಕಟ್ಟಿಕೊಂಡು ತಳ್ಳಬೇಕು, ಎತ್ತರಕ್ಕೆ ಒದ್ದು ಹಿಂದೆಯೇ ಓಡಬೇಕು.

ಇನ್ನೊಂದು, ಗೋಲಿಗೆ ಒದೆಯುವವನು ಚೆಂಡನ್ನು ನೆಲದ ಮೇಲಿನ ಪುಟ್ಟ ಸ್ಟ್ಯಾಂಡ್ ಮೇಲೆ ಇಟ್ಟ ಕೂಡಲೇ ಥೋಮಂಡ್ ಪಾರ್ಕ್ ಪೂರ್ತಿ ಮೌನವಾಗುತ್ತದೆ. ಒದೆಯುವವನು ಎದುರಾಳಿ ಆದರೂ ಅಷ್ಟೇ. ಯಾರಾದರೂ ಮಾತಾಡಿದರೆ ಪಕ್ಕದವರೇ ಶ್ ಅನ್ನುತ್ತಾರೆ. ಆ ಹೊತ್ತಿಗೆ ಮೊಬೈಲ್ ಸೈಲೆಂಟ್ ಇರಲಿ.

ಪ್ರಶ್ನೆ: ಪಂದ್ಯಕ್ಕೆ ಮುಂಚೆ ನ್ಯೂಜಿಲೆಂಡ್‌ನವರು ಹಾಕಾ ಮಾಡುವುದು ಎದುರಾಳಿಯನ್ನು ಹೆದರಿಸುವುದಕ್ಕೆ ಅಲ್ವಾ? ಸುಮ್ಮನೆ ನಿಂತು ನೋಡಬೇಕಾ? — ಶಿವಮೊಗ್ಗದ ಓದುಗರು

ಸವಾಲು ಅದರಲ್ಲಿ ಇದೆ, ಆದರೆ ಅಷ್ಟೇ ಅಲ್ಲ. ಹಾಕಾ ಅಂದರೆ ಕಾಲು ಕುಟ್ಟಿ ಕೂಗುತ್ತಾ ಮಾಡುವ ಕುಣಿತ, ಅದು ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿ ಜನರದ್ದು. ಅತಿಥಿಯನ್ನು ಬರಮಾಡಿಕೊಳ್ಳುವಾಗ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕೂಡ ಮಾಡುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಮನ್‌ಸ್ಟರ್ ಕೋಚ್ ಆಂಟನಿ ಫೋಲಿ ಹಠಾತ್ತಾಗಿ ತೀರಿಕೊಂಡರು. ಇನ್ನೂ ನಲವತ್ತೆರಡು ವರ್ಷ. ಅವರ ತಂದೆ ಬ್ರೆಂಡನ್ ಫೋಲಿ 1978ರ ತಂಡದಲ್ಲಿ ಆಡಿದವರು. ಒಂದು ತಿಂಗಳೂ ಆಗಿರಲಿಲ್ಲ, ಮಾವೊರಿ ಮೂಲದ ಆಟಗಾರರ ಮಾವೊರಿ ಆಲ್ ಬ್ಲ್ಯಾಕ್ಸ್ ತಂಡ ಥೋಮಂಡ್ ಪಾರ್ಕ್‌ಗೆ ಬಂತು. ಹಾಕಾಕ್ಕೆ ಮುಂಚೆ ನಾಯಕ ಆಶ್ ಡಿಕ್ಸನ್, ಫೋಲಿ ಹೆಸರಿನ ಮೊದಲಕ್ಷರ ಹಾಕಿದ ತಮ್ಮ ಜೆರ್ಸಿಯನ್ನು ನೆಲದ ಮೇಲೆ ಹಾಸಿದರು, ಆಮೇಲೆ ಅದನ್ನು ಫೋಲಿಯ ಇಬ್ಬರು ಗಂಡುಮಕ್ಕಳ ಕೈಗೆ ಕೊಟ್ಟರು. ಅದಾದ ಮೇಲೆ ಮನ್‌ಸ್ಟರ್ 27-14ರಿಂದ ಗೆದ್ದಿತು.

ಸುಮ್ಮನೆ ನಿಲ್ಲಲೇಬೇಕು ಅಂತಲೂ ಇಲ್ಲ. 2008ರಲ್ಲಿ ಹೊಸದಾಗಿ ಕಟ್ಟಿದ ಥೋಮಂಡ್ ಪಾರ್ಕ್ ಉದ್ಘಾಟನೆಗೆ ಪೂರ್ಣ ಆಲ್ ಬ್ಲ್ಯಾಕ್ಸ್ ಬಂದಾಗ, ಮನ್‌ಸ್ಟರ್‌ಗೆ ಆಡುತ್ತಿದ್ದ ನಾಲ್ವರು ನ್ಯೂಜಿಲೆಂಡ್‌ನವರೇ ಮುಂದೆ ಬಂದು ಮೊದಲು ಹಾಕಾ ಮಾಡಿದರು: ಡಗ್ ಹೌಲೆಟ್, ರುವಾ ಟಿಪೊಕಿ, ಲಿಫೈಮಿ ಮಾಫಿ, ಜೆರೆಮಿ ಮ್ಯಾನಿಂಗ್. ಹಿರಿಯರಿಲ್ಲದ ಆ ಮನ್‌ಸ್ಟರ್ ತಂಡ ಅರ್ಧ ಸಮಯಕ್ಕೆ 16-10ರಿಂದ ಮುಂದಿತ್ತು. ಪಂದ್ಯ ಮುಗಿಯಲು ನಾಲ್ಕೈದು ನಿಮಿಷ ಇರುವಾಗ ಜೋ ರೊಕೊಕೊಕೊ ಮೂಲೆಯಲ್ಲಿ ಟ್ರೈ ಹೊಡೆದು 18-16 ಮಾಡಿಬಿಟ್ಟ. ಆ ಸೋಲಿನ ವಿಡಿಯೋ ಸಿಕ್ಕರೆ ಖಂಡಿತ ನೋಡಿ. 1978ರ ಪಂದ್ಯದಷ್ಟೇ ದೊಡ್ಡದು ಅಂತ ನನಗನ್ನಿಸುತ್ತದೆ.

ಪ್ರಶ್ನೆ: ಆಲ್ ಬ್ಲ್ಯಾಕ್ಸ್ ತಂಡವನ್ನು ಬೇರೆ ಕ್ಲಬ್‌ಗಳೂ ಸೋಲಿಸಿವೆಯಾ? — ಮೈಸೂರಿನಿಂದ

ಸೋಲಿಸಿವೆ. ವೇಲ್ಸ್‌ನ ಕ್ಲಬ್‌ಗಳಂತೂ ನಾಲ್ಕು ಸಲ. 1935ರಲ್ಲಿ ಸ್ವಾನ್ಸಿ 11-3, 1953ರಲ್ಲಿ ಕಾರ್ಡಿಫ್ 8-3, 1963ರಲ್ಲಿ ನ್ಯೂಪೋರ್ಟ್ 3-0, 1972ರಲ್ಲಿ ಲನೆತ್ಲಿ 9-3. ಸ್ವಾನ್ಸಿಗೆ ಆಡಿದ ಹೇಡನ್ ಟ್ಯಾನರ್ ಮತ್ತು ವಿಲ್ಲಿ ಡೇವಿಸ್ ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಹುಡುಗರು, ಸೋದರ ಸಂಬಂಧಿಗಳು. ಲನೆತ್ಲಿ ಗೆದ್ದದ್ದೂ ಅಕ್ಟೋಬರ್ 31ರಂದೇ.

ಪ್ರಶ್ನೆ: ಭಾರತಕ್ಕೂ ರಗ್ಬಿಗೂ ಏನಾದರೂ ಸಂಬಂಧ ಇದೆಯಾ? — ಕೊಪ್ಪಳದ ಓದುಗರು

ಇದೆ. ಇಂಗ್ಲೆಂಡ್–ಸ್ಕಾಟ್ಲೆಂಡ್ ಪ್ರತಿ ವರ್ಷ ಸೆಣಸುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. 1870ರ ದಶಕದಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ದುಡ್ಡು ಅದು.

ಪ್ರಶ್ನೆ: ತುಮಕೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಆರು ವರ್ಷದ ಮಗಳಿದ್ದಾಳೆ. ಎಲ್ಲರನ್ನೂ ಪಂದ್ಯಕ್ಕೆ ಕರೆದುಕೊಂಡು ಹೋಗಬಹುದಾ? ಜಗಳ ಗಿಗಳ ಆಗಲ್ಲ ತಾನೇ? — ಎನಿಸ್‌ನಿಂದ

ಧಾರಾಳವಾಗಿ ಹೋಗಿ. ರಗ್ಬಿಯಲ್ಲಿ ಎರಡೂ ಕಡೆಯ ಅಭಿಮಾನಿಗಳು ಒಟ್ಟಿಗೇ ಕೂರುತ್ತಾರೆ, ಫುಟ್‌ಬಾಲ್‌ನಲ್ಲಿ ಮಾಡುವ ಹಾಗೆ ಬೇಲಿ ಹಾಕಿ ಬೇರೆ ಮಾಡುವುದಿಲ್ಲ. ಆದರೆ ಟಿಕೆಟ್ ತೆಗೆದುಕೊಳ್ಳುವಾಗ ನೋಡಿ: ಗೋಲು ಕಂಬದ ಹಿಂದಿನ ಎರಡೂ ತುದಿ ಟೆರೇಸ್, ಅಲ್ಲಿ ಪೂರ್ತಿ ನಿಂತೇ ಇರಬೇಕು, ಪುಟ್ಟ ಮಗುವಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ಅಪ್ಪ ಅಮ್ಮ ಇರುವುದರಿಂದ ಪೂರ್ವ ಅಥವಾ ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ಸೀಟು ತೆಗೆದುಕೊಳ್ಳಿ. ನವೆಂಬರ್‌ನಲ್ಲಿ ಬೇಗ ಕತ್ತಲಾಗುತ್ತದೆ, ಶ್ಯಾನನ್ ನದಿ ಕಡೆಯ ಗಾಳಿ ಸ್ವೆಟರ್ ದಾಟಿ ಮೈಗೆ ಹೊಕ್ಕುತ್ತದೆ. ಛತ್ರಿ ಬೇಡ, ಹಿಂದಿನವರಿಗೆ ಅಡ್ಡ. ಎಲ್ಲರಿಗೂ ರೈನ್‌ಕೋಟ್ ಇರಲಿ, ಅಮ್ಮನಿಗೆ ಸೀರೆಯ ಜೊತೆ ಶೂ ಮತ್ತು ದಪ್ಪ ಸಾಕ್ಸ್ ಹಾಕಿಸಿ. ಹಾಕಾ ಪಂದ್ಯ ಶುರುವಾಗುವ ಮುಂಚೆಯೇ ಮುಗಿದುಹೋಗುತ್ತದೆ, ಮಗಳಿಗೆ ಅದನ್ನು ತೋರಿಸಬೇಕು ಅಂದರೆ ಅರ್ಧ ಗಂಟೆ ಮೊದಲೇ ಸೀಟಿನಲ್ಲಿರಿ.