ಗಡ್ಡೆ ತೆಗೆದಾದ ಮೇಲೂ ಕೀಮೋ ಯಾಕೆ?

ಚನ್ನಗಿರಿ ಕಡೆಯ ನಿಮ್ಮ ತಂದೆಯವರಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್, ದಾವಣಗೆರೆಯಲ್ಲಿ ಆಪರೇಷನ್ ಆಗಿದೆ. ಗಡ್ಡೆ ಪೂರ್ತಿ ಬಂದಿದೆ ಅಂದವರೇ ಈಗ 33 ರೇಡಿಯೇಷನ್ ಜೊತೆ ಕೀಮೋನೂ ಬೇಕು ಅನ್ನುತ್ತಿದ್ದಾರೆ, ಬರೀ ರೇಡಿಯೇಷನ್ ಸಾಲದೇ ಎಂದು ಕೇಳಿದ್ದೀರಿ.

ಆಪರೇಷನ್ ನಂತರ ಬಂದ ಬಯಾಪ್ಸಿ ರಿಪೋರ್ಟ್ ತೆಗೆದು ಎರಡೇ ಸಾಲು ನೋಡಿ. ಒಂದು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ. ಇನ್ನೊಂದು, ಕುತ್ತಿಗೆಯ ಗಂಟಿಗೆ ಹೋದ ಕ್ಯಾನ್ಸರ್ ಆ ಗಂಟಿನ ಸಿಪ್ಪೆ ಒಡೆದು ಹೊರಗೆ ಬಂದಿದೆಯೇ. ಎರಡರಲ್ಲಿ ಒಂದಕ್ಕೆ ಹೌದು ಎಂದಿದ್ದರೂ ಕೀಮೋ ಸೇರಿಸುತ್ತಾರೆ. ಎರಡೂ ಇಲ್ಲವಾದರೆ ಸಾಮಾನ್ಯವಾಗಿ ಬೇಕಿಲ್ಲ. ಆಗ ಯಾಕೆ ಕೊಡುತ್ತಿದ್ದೀರಿ ಎಂದು ಧೈರ್ಯವಾಗಿ ಕೇಳಿ.

ಬಾಯಿ ಕ್ಯಾನ್ಸರ್‌ನಲ್ಲಿ ಕೀಮೋ ಕೈಯಾಳು, ಮೇಸ್ತ್ರಿಯಲ್ಲ. ಅದೊಂದರಿಂದಲೇ ಗಡ್ಡೆ ಕುಗ್ಗಬಹುದು, ವಾಸಿಯಾಗುವುದಿಲ್ಲ; ಮತ್ತೆ ಬೆಳೆಯುತ್ತದೆ. 'ಕೊಯ್ಯಿಸೋದು ಬೇಡ, ಕೀಮೋದಲ್ಲೇ ಕರಗಿಸೋಣ' ಎಂದು ತಿಂಗಳುಗಟ್ಟಲೆ ಕಾಯುವ ಮನೆಯವರಿಗೆ ಇದು ಗೊತ್ತಿರಬೇಕು. ನಿಮ್ಮಲ್ಲಿ ಕೊಡುವುದು ಬಹುತೇಕ ಸಿಸ್‌ಪ್ಲಾಟಿನ್. ರೇಡಿಯೇಷನ್‌ನಿಂದ ಪೆಟ್ಟು ತಿಂದ ಕ್ಯಾನ್ಸರ್ ಕಣ ಸುಧಾರಿಸಿಕೊಳ್ಳದಂತೆ ಅದು ತಡೆಯುತ್ತದೆ. ಡೋಸ್ ಲೆಕ್ಕ ಮೈಯ ಹೊರಮೈ ವಿಸ್ತೀರ್ಣದ ಮೇಲೆ: ವಾರಕ್ಕೊಮ್ಮೆ ಪ್ರತಿ ಚದರ ಮೀಟರ್‌ಗೆ 40 ಮಿಲಿಗ್ರಾಂ, ಅಥವಾ 3 ವಾರಕ್ಕೊಮ್ಮೆ 100 ಮಿಲಿಗ್ರಾಂ. ಸಾಧಾರಣ ಮೈಕಟ್ಟಿನವರ ಮೈ 1.6 ಚದರ ಮೀಟರ್ ಅಂದುಕೊಂಡರೆ ವಾರದ ಡೋಸ್ 64 ಮಿಲಿಗ್ರಾಂ. ಆಪರೇಷನ್ ಆಗಿ 6 ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಹಾಳಾದ ಹಲ್ಲುಗಳಿದ್ದರೆ ಅದಕ್ಕೂ ಮುಂಚೆ, ಈಗಲೇ ಕೀಳಿಸಿ, ಗಾಯ ಒಣಗಲು ಹತ್ತು ಹದಿನೈದು ದಿನ ಬೇಕು.

ಈ ಔಷಧಿಗೆ ಮೊದಲ ಬಲಿ ಕಿಡ್ನಿ. ಪ್ರತಿ ಡೋಸಿಗೂ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ), ರಕ್ತಕಣಗಳ ಪರೀಕ್ಷೆ ಆಗಲೇಬೇಕು. ಸಲೈನ್ ಜೊತೆ ಮೆಗ್ನೀಷಿಯಂ ಹಾಕುವುದೂ ಅದಕ್ಕೇ. ಮೈಕೈ ನೋವೆಂದು ಮೆಡಿಕಲ್ ಶಾಪಿನ ಡೈಕ್ಲೋಫಿನಾಕ್ ನುಂಗಿಸಬೇಡಿ, ಕಿಡ್ನಿಗೆ ಎರಡನೇ ಪೆಟ್ಟು. ಕಿವಿಯಲ್ಲಿ ಗುಂಯ್ ಅಂದರೆ ತಕ್ಷಣ ಹೇಳಿ, ಹೋದ ಕಿವಿ ಮರಳಿ ಬರುವುದು ಕಷ್ಟ. ವಾಂತಿ ಅವತ್ತೇ ಆಗಬೇಕೆಂದಿಲ್ಲ, ಎರಡು ಮೂರನೇ ದಿನವೂ ಕಾಡುತ್ತದೆ. ಮಾತ್ರೆ ಅಲ್ಲಿಯವರೆಗೂ ಕೊಡಿ. ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎನ್ನಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಹೆಚ್ಚಿನವರು ಸೋಲುವುದು ಮಾತ್ರ ಊಟದಲ್ಲಿ. ಎರಡು ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ನುಂಗಲಾಗದೆ ತೂಕ ಇಳಿಯುತ್ತದೆ. ಮುಖಕ್ಕೆ ಅಚ್ಚು ಹಾಕಿ ಮಾಡಿದ ರೇಡಿಯೇಷನ್ ಮಾಸ್ಕ್ ಸಡಿಲವಾಗಿ, ಪ್ಲಾನಿಂಗ್ ಮತ್ತೆ ಮಾಡಬೇಕಾಗಬಹುದು. ನಡುವೆ ಬಿಟ್ಟ ಪ್ರತಿ ದಿನವೂ ನಷ್ಟ. ಮಂಡಕ್ಕಿ ಮಿರ್ಚಿ ಸದ್ಯಕ್ಕೆ ಮರೆಯಲಿ. ತೆಳು ರಾಗಿ ಗಂಜಿ, ಕಿವುಚಿದ ಮೊಟ್ಟೆ, ಮೆತ್ತಗಿನ ಮೊಸರನ್ನ ಕೊಡಿ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಲಿ. ಮೂಗಿನ ಟ್ಯೂಬ್ ಹಾಕೋಣ ಅಂದರೆ ಒಪ್ಪಿಕೊಳ್ಳಿ, ಅದು ಕೊನೆಗಾಲದ ಲಕ್ಷಣವಲ್ಲ.

ಅಡಿಕೆ ಬೆಳೆಯುವ ಚನ್ನಗಿರಿಯವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: 'ತಂಬಾಕಿಲ್ಲ, ಬರೀ ಅಡಿಕೆ' ಎಂಬ ವಿನಾಯಿತಿಯೂ ಇಲ್ಲ. ಅಡಿಕೆಯೇ ಕ್ಯಾನ್ಸರ್‌ಕಾರಕ.